ವೇಪ್: ತೊಳೆದರೆ ಶುದ್ಧವಾಗುವ ವಸ್ತುವಲ್ಲ

ಎರಡು ತಿಂಗಳ ಹಿಂದಿನ ಒಂದು ಶುಕ್ರವಾರ. ಜುಮಾ ಮುಗಿಸಿ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲಿಕ್ಕೆ ಅಡುಗೆಮನೆಯ ಕಡೆ ಹೋದರೆ ಅಲ್ಲಿ ಸಣ್ಣದೊಂದು ಗಲಾಟೆ. ಅಕ್ಕನ ಮೂರು ವರ್ಷದ ಮೊಮ್ಮಗು ಸ್ಟೂಲ್ ಹತ್ತಿ ಸಿಂಕಿನ ಪಕ್ಕದಲ್ಲಿದ್ದ ಚಾದ ಗ್ಲಾಸಿಗೆ ಕೈ ಹಾಕಿತ್ತು. ಮಗುವಿನ ತಾಯಿ ಓಡಿ ಬಂದು ಗ್ಲಾಸು ಕಸಿದುಕೊಂಡಿದ್ದಳು. ಗ್ಲಾಸಿನಲ್ಲಿ ತಿಳಿ ಹಳದಿ ನೀರು. ಅದರೊಳಗೆ ಬೆರಳಿನಷ್ಟು ದಪ್ಪದ ಒಂದು ಗಾಜಿನ ಕೊಳವೆ, ರಬ್ಬರಿನ ಎರಡು ಸಣ್ಣ ಬಳೆ. ನೀರಿಗೆ ಮಾವಿನ ಹಣ್ಣಿನ ಪರಿಮಳ. ಅತ್ತರ್ ಬಾಟಲಿಯ ಎಂಥದೋ ಒಂದು ಭಾಗ ಇರಬೇಕು ಅಂತ ಅಕ್ಕ ತಿಳಿದುಕೊಂಡಿದ್ದಳು.

ಅದು ಅತ್ತರ್ ಬಾಟಲಿ ಆಗಿರಲಿಲ್ಲ. ದುಬೈಯಿಂದ ರಜೆಯಲ್ಲಿ ಬಂದಿದ್ದ ಅಕ್ಕನ ಕಿರಿಯ ಮಗ ತನ್ನ ಇ-ಸಿಗರೇಟನ್ನು ಬಿಚ್ಚಿ, ಅದರ ಟ್ಯಾಂಕನ್ನು ಬಿಸಿನೀರಿನಲ್ಲಿ ನೆನೆಸಿಟ್ಟು ಜುಮಾಕ್ಕೆ ಬಂದಿದ್ದ. ಊಟದ ನಂತರ ಅವನನ್ನು ಕರೆದು ಜೋರು ಮಾಡಿದೆ. ಅವನು ತಲೆ ತಗ್ಗಿಸಿ ಒಂದೇ ಮಾತು ಹೇಳಿದ: "ಮಾಮ, ಅದು ಸಿಗರೇಟ್ ಅಲ್ಲ, ಬರೀ ಹಬೆ. ನಾನು ವಾರಕ್ಕೊಮ್ಮೆ ಸರಿ ಕ್ಲೀನ್ ಮಾಡ್ತೇನೆ."

ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಕ್ಲೀನ್ ಮಾಡಿದರೆ ಸಾಕು, ಅಪಾಯ ಇಲ್ಲ ಅಂತ ಅವನು ನಿಜವಾಗಿ ನಂಬಿದ್ದ. ಇವತ್ತು ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗರು ರೂಮಿನ ಬಾಗಿಲು ಹಾಕಿಕೊಂಡು ಇದನ್ನೇ ನಂಬಿ ಇದನ್ನೇ ಮಾಡುತ್ತಿದ್ದಾರೆ. ಹಾಗಾಗಿ ಈ ವಾರ ಈ ವಸ್ತುವಿನ ಬಗ್ಗೆ ಬಿಡಿಸಿ ಬರೆಯುವುದು ಒಳ್ಳೆಯದು ಅನ್ನಿಸಿತು. ಮನೆಯಲ್ಲಿ ಇದು ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದು ತಾಯಂದಿರಿಗೂ ತಂದೆಯಂದಿರಿಗೂ ಗೊತ್ತಿರಬೇಕು.

ಒಳಗೆ ಏನುಂಟು?

ತಂಬಾಕು ನಮಗೆ ಹೊಸತಲ್ಲ. ಈ ಜಿಲ್ಲೆಯ ಎಷ್ಟೋ ಬ್ಯಾರಿ ಮನೆಗಳ ಉಮ್ಮಂದಿರು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದು. ತಂಬಾಕಿನ ಹುಡಿಯ ಘಾಟು ಅವರಿಗೆ ಮಾರು ದೂರದಿಂದ ಗೊತ್ತಾಗುತ್ತದೆ. ಮಗ ಬೀಡಿ ಸೇದಿ ಬಂದರೆ ಅಂಗಿಯ ವಾಸನೆಯಲ್ಲೇ ಹಿಡಿಯುತ್ತಿದ್ದರು. ಈ ಹೊಸ ವಸ್ತುವಿಗೆ ಆ ವಾಸನೆಯೇ ಇಲ್ಲ. ಸ್ಟ್ರಾಬೆರಿ, ಪುದೀನ, ಮಾವು, ದ್ರಾಕ್ಷಿಯ ಪರಿಮಳ. ನೋಡಲಿಕ್ಕೆ ಕೆಲವು ಪೆನ್ನಿನ ಹಾಗೆ, ಕೆಲವು ಪೆನ್‌ಡ್ರೈವ್ ಹಾಗೆ, ಕೆಲವು ಮಕ್ಕಳ ಆಟದ ಸಾಮಾನಿನ ಹಾಗೆ. ನನ್ನ ತರಗತಿಯಲ್ಲೇ ಒಬ್ಬ ದೊಡ್ಡ ಹುಡುಗನ ಹತ್ತಿರ ಹಲವು ದಿನ ಹಣ್ಣಿನ ಪರಿಮಳ ಬರುತ್ತಿತ್ತು. ಬಬಲ್ ಗಮ್ ಅಂತ ತಿಳಿದು ನಾನು ಸುಮ್ಮನಿದ್ದೆ. ಇಪ್ಪತ್ತು ವರ್ಷ ಮಕ್ಕಳ ನಡುವೆ ಇದ್ದ ನನಗೇ ಗೊತ್ತಾಗಲಿಲ್ಲ ಎಂದ ಮೇಲೆ ಮನೆಯ ಉಮ್ಮಂದಿರನ್ನು ದೂರಿ ಪ್ರಯೋಜನ ಇಲ್ಲ.

ಇದರ ರಚನೆ ಸರಳ. ಕೆಳಗೆ ಒಂದು ಲಿಥಿಯಂ ಬ್ಯಾಟರಿ, ನಮ್ಮ ಮೊಬೈಲಿನಲ್ಲಿ ಇರುವಂಥದ್ದೇ. ಮೇಲೆ ದ್ರವ ತುಂಬುವ ಸಣ್ಣ ಟ್ಯಾಂಕ್. ನಡುವೆ ಲೋಹದ ತೆಳ್ಳಗಿನ ತಂತಿಯ ಸುರುಳಿ, ಅದಕ್ಕೆ ಕಾಯಿಲ್ ಅನ್ನುತ್ತಾರೆ. ಕಾಯಿಲಿನ ಜೊತೆ ಹತ್ತಿಯ ಬತ್ತಿ. ಚಿಮಿಣಿ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಈ ಹತ್ತಿ ದ್ರವ ಹೀರುತ್ತದೆ. ಬಾಯಿಯಿಂದ ಎಳೆದಾಗ ಬ್ಯಾಟರಿಯ ವಿದ್ಯುತ್ ಹರಿದು ಕಾಯಿಲ್ ಕಾಯುತ್ತದೆ, ದ್ರವ ಆವಿಯಾಗಿ ಬಾಯಿಗೆ ಬರುತ್ತದೆ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ರಾಸಾಯನಿಕ ಮತ್ತು ಹೆಚ್ಚಿನವುಗಳಲ್ಲಿ ನಿಕೋಟಿನ್ ಇರುತ್ತದೆ. ಬೀಡಿಯನ್ನು ಬಿಡಲಿಕ್ಕೆ ಆಗದ ಹಾಗೆ ಮಾಡುವುದು ಈ ನಿಕೋಟಿನ್ನೇ. "ಬರೀ ಹಬೆ" ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ನಮ್ಮ ಅಡುಗೆಮನೆಯ ಹಬೆ ನೀರಿನದ್ದು. ಇದು ಎಣ್ಣೆಯಂತಹ ದ್ರವದ ಸಣ್ಣ ಸಣ್ಣ ಹನಿ, ಅದರಲ್ಲಿ ಕರಗಿದ ನಿಕೋಟಿನ್.

ಇದನ್ನು ಈಗಿನ ರೂಪಕ್ಕೆ ತಂದವರು ಹೊನ್ ಲಿಕ್ ಎಂಬ ಚೀನಾದ ಔಷಧ ತಜ್ಞ, 2003ರಲ್ಲಿ. ಅವರು ಸ್ವತಃ ವಿಪರೀತ ಸಿಗರೇಟ್ ಸೇದುವವರು, ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡವರು. ಸಿಗರೇಟಿಗೆ ಬದಲಿ ಹುಡುಕಬೇಕು ಎಂಬುದು ಅವರ ಉದ್ದೇಶವಾಗಿತ್ತು. ಆದರೆ ಮಾರುಕಟ್ಟೆಗೆ ಬಂದ ಮೇಲೆ ಇದು ಹೋಗಿ ತಲುಪಿದ್ದು ಸಿಗರೇಟನ್ನು ಮುಟ್ಟದ ಹುಡುಗರ ಕೈಗೆ. ಅಮೆರಿಕದ ಸರ್ಜನ್ ಜನರಲ್ 2018ರಲ್ಲಿ ಹದಿಹರೆಯದವರ ಈ ಚಟವನ್ನು ಸಾಂಕ್ರಾಮಿಕ ಎಂದೇ ಕರೆದರು.

ತೊಳೆಯುವಲ್ಲಿ ಇರುವ ಅಪಾಯ

ಇದನ್ನು ಯಾಕೆ ತೊಳೆಯಬೇಕಾಗುತ್ತದೆ? ದ್ರವದಲ್ಲಿರುವ ಸಿಹಿ, ಕಾಯಿಲಿನ ಬಿಸಿಗೆ ಕರಟಿ ಕಪ್ಪಾಗಿ ಅಂಟಿಕೊಳ್ಳುತ್ತದೆ. ಪಾಯಸದ ಪಾತ್ರೆಯ ತಳ ಹತ್ತಿದ ಹಾಗೆ. ಆಗ ಸುಟ್ಟ ರುಚಿ ಬರುತ್ತದೆ, ಗಂಟಲು ಉರಿಯುತ್ತದೆ. ಬಾಯಿಗಿಡುವ ಕೊಳವೆಯಲ್ಲಿ ಎಂಜಲು ಮತ್ತು ಜಿಡ್ಡು ಸೇರುತ್ತದೆ. ಇದನ್ನು ಮಾರಲಿಕ್ಕೆ ಅನುಮತಿ ಇರುವ ದೇಶಗಳಲ್ಲಿ ಒಂದೆರಡು ವಾರಕ್ಕೊಮ್ಮೆ ಹಳೆ ಕಾಯಿಲ್ ಬಿಸಾಡಿ ಹೊಸತು ಹಾಕುತ್ತಾರೆ. ನಮ್ಮ ದೇಶದಲ್ಲಿ ಬಿಡಿಭಾಗಗಳ ಮಾರಾಟವೂ ನಿಷಿದ್ಧ. ಊರಿಗೆ ಬಂದ ಹುಡುಗ ಏನು ಮಾಡುತ್ತಾನೆ? ಹಳೆ ಕಾಯಿಲನ್ನೇ ಸ್ಪಿರಿಟಿನಲ್ಲಿ ತೊಳೆಯುತ್ತಾನೆ. ಮನೆಯ ಹತ್ತಿ ತುರುಕುತ್ತಾನೆ. ಒಮ್ಮೆ ಸೇದಿ ಎಸೆಯುವ ಜಾತಿಯದ್ದಾದರೆ ಅದನ್ನು ಒಡೆದು ಸಿರಿಂಜಿನಲ್ಲಿ ದ್ರವ ತುಂಬುತ್ತಾನೆ. ಹಳೆ ಮೊಬೈಲ್ ವಯರ್ ಕತ್ತರಿಸಿ ನೇರ ಬ್ಯಾಟರಿಗೆ ಹಚ್ಚಿ ಚಾರ್ಜ್ ಮಾಡುತ್ತಾನೆ. ಹೇಗೆ ಅಂತ ತೋರಿಸುವ ವಿಡಿಯೋಗಳು ಅವನ ಮೊಬೈಲಿನಲ್ಲೇ ಬೇಕಾದಷ್ಟು ಉಂಟು.

ಮೊದಲ ಅಪಾಯ ದ್ರವದ್ದು. ಹುಡುಗರು ಇದಕ್ಕೆ 'ಜ್ಯೂಸ್' ಅನ್ನುತ್ತಾರೆ. ಮನೆಯಲ್ಲಿ ಸಣ್ಣ ಮಕ್ಕಳು ಇರುವಾಗ ಇದಕ್ಕಿಂತ ಕೆಟ್ಟ ಹೆಸರು ಬೇರೆ ಇಲ್ಲ. ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ನಿಕೋಟಿನ್ ಇರುವ ದ್ರವ ಕೂಡ ಮಾರುಕಟ್ಟೆಯಲ್ಲಿ ಉಂಟು. ಅಂಥದ್ದರ 30 ಮಿಲಿಲೀಟರಿನ ಸಣ್ಣ ಬಾಟಲಿಯಲ್ಲಿ 1,500 ಮಿಲಿಗ್ರಾಂ ನಿಕೋಟಿನ್ ಆಯಿತು. ಚಮಚದಷ್ಟು ಒಳಗೆ ಹೋದರೂ ಸಣ್ಣ ಮಗುವಿನ ಪ್ರಾಣಕ್ಕೇ ಕುತ್ತು. 2014ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಈ ದ್ರವ ಕುಡಿದು ತೀರಿಕೊಂಡಿತು. ಮಕ್ಕಳಿಗೆ ತೆಗೆಯಲಾಗದಂತಹ ಮುಚ್ಚಳ ಕಡ್ಡಾಯ ಎಂಬ ಕಾನೂನಿಗೆ ಅಲ್ಲಿನ ಅಧ್ಯಕ್ಷರು ಸಹಿ ಹಾಕಿದ್ದು 2016ರ ಜನವರಿಯಲ್ಲಿ. ಟ್ಯಾಂಕ್ ನೆನೆಸಿದ ನೀರಿನಲ್ಲಿ ವಿಷ ಅಷ್ಟು ದಟ್ಟವಾಗಿ ಇರುವುದಿಲ್ಲ, ಸರಿ. ಆದರೆ ಯಾವ ಗ್ಲಾಸಿನಲ್ಲಿ ಎಷ್ಟು ಉಳಿದಿದೆ ಅಂತ ಅಳೆದು ನೋಡುವವರು ಯಾರು? ದೊಡ್ಡವರ ಚರ್ಮದ ಮೂಲಕವೂ ನಿಕೋಟಿನ್ ಒಳಗೆ ಇಳಿಯುತ್ತದೆ. ಒದ್ದೆ ತಂಬಾಕಿನ ಎಲೆ ಕೊಯ್ಯುವ ಕಾರ್ಮಿಕರಿಗೆ ತಲೆಸುತ್ತು, ವಾಂತಿ ಬರುವುದು ಇದೇ ಕಾರಣಕ್ಕೆ.

ಎರಡನೆಯದು ಬ್ಯಾಟರಿ. ಲಿಥಿಯಂ ಬ್ಯಾಟರಿ ಒದ್ದೆಯಾದರೆ, ಜಜ್ಜಿದರೆ, ಚುಚ್ಚಿದರೆ, ತಪ್ಪು ಚಾರ್ಜರಿಗೆ ಹಾಕಿದರೆ ಬೆಂಕಿ ಹಿಡಿಯಬಹುದು. ಅಮೆರಿಕದ ಫ್ಲೋರಿಡಾದಲ್ಲಿ 2018ರಲ್ಲಿ, ಟೆಕ್ಸಾಸಿನಲ್ಲಿ 2019ರಲ್ಲಿ ಇ-ಸಿಗರೇಟ್ ಸ್ಫೋಟಗೊಂಡು ಒಬ್ಬೊಬ್ಬರು ಸತ್ತಿದ್ದಾರೆ. ಅಂಥದ್ದು ಅಪರೂಪ. ಆದರೆ ಒಡೆದು ಜೋಡಿಸಿದ, ಕತ್ತರಿಸಿದ ವಯರಿನಲ್ಲಿ ಚಾರ್ಜಿಗಿಟ್ಟ ವಸ್ತು ಹಾಸಿಗೆಯ ಮೇಲೆ, ತಲೆದಿಂಬಿನ ಅಡಿಯಲ್ಲಿ ಇದ್ದರೆ ಅಪರೂಪದ್ದು ನಮ್ಮ ಮನೆಯಲ್ಲೇ ನಡೆಯಲಿಕ್ಕೆ ಸಾಕು. ಸ್ಪಿರಿಟಿನಲ್ಲಿ ತೊಳೆದ ಕಾಯಿಲನ್ನು ಒಣಗುವ ಮೊದಲೇ ಬಿಸಿ ಮಾಡಿದರೆ ಮುಖದ ಹತ್ತಿರವೇ ಬೆಂಕಿ.

ಮೂರನೆಯದು ಕಾಯಿಲ್. ಇದು ನನ್ನ ಅಕ್ಕನ ಮಗನಿಗೆ ಗೊತ್ತಿರಲಿಲ್ಲ, ಓದುವ ತನಕ ನನಗೂ ಗೊತ್ತಿರಲಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಮಂದಿಯ ಇ-ಸಿಗರೇಟುಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಬಾಟಲಿಯ ದ್ರವದಲ್ಲಿ ಲೋಹದ ಅಂಶ ಕಡಿಮೆ ಇತ್ತು. ಕಾಯಿಲ್ ದಾಟಿ ಬಂದ ಆವಿಯಲ್ಲಿ ಸೀಸ, ನಿಕ್ಕಲ್, ಕ್ರೋಮಿಯಂ ಬಹಳ ಹೆಚ್ಚಿತ್ತು. ಮತ್ತೂ ಒಂದು ಸಂಗತಿ ಕಂಡುಬಂತು: ಕಾಯಿಲನ್ನು ಪದೇ ಪದೇ ಹೊಸತು ಹಾಕುವವರ ಆವಿಯಲ್ಲಿ ಲೋಹ ಇನ್ನೂ ಜಾಸ್ತಿ. ಅಂದರೆ ಹಳೆಯದಾದರೆ ಕರಟು, ಹೊಸತಾದರೆ ಲೋಹ. ಚೊಕ್ಕವಾಗಿ ಇಟ್ಟುಕೊಂಡವನು ಅಪಾಯದಿಂದ ಪಾರಾದ ಎಂದು ಹೇಳಲಿಕ್ಕೆ ಆಗುವುದಿಲ್ಲ. ಹೊರಗಿನ ಜಿಡ್ಡು ಹೋಗಬಹುದು, ಒಳಗೆ ಎಳೆಯುವ ವಸ್ತು ಅದೇ.

"ಸಿಗರೇಟಿಗಿಂತ ಒಳ್ಳೆಯದಲ್ವಾ?"

ಓದಿದ ಹುಡುಗರು ಈ ಪ್ರಶ್ನೆ ಕೇಳುತ್ತಾರೆ. ಉತ್ತರ ಪ್ರಾಮಾಣಿಕವಾಗಿ ಕೊಡಬೇಕು. ಬ್ರಿಟನ್ನಿನ ಆರೋಗ್ಯ ಇಲಾಖೆ, ಸಿಗರೇಟ್ ಬಿಡಲಿಕ್ಕಾಗದ ದೊಡ್ಡವರಿಗೆ ಇದು ಸಿಗರೇಟಿಗಿಂತ ಕಡಿಮೆ ಹಾನಿಯದ್ದು ಅಂತ ಹೇಳುವುದು ನಿಜ. ಅದೇ ಇಲಾಖೆ, ಸಿಗರೇಟ್ ಸೇದದವರು ಮತ್ತು ಮಕ್ಕಳು ಇದನ್ನು ಮುಟ್ಟಲೇಬಾರದು ಅಂತಲೂ ಹೇಳುತ್ತದೆ. ಹುಡುಗರು ಮೊದಲನೆಯ ಮಾತು ಮಾತ್ರ ಕಲಿತುಕೊಂಡಿದ್ದಾರೆ. ನಲವತ್ತು ವರ್ಷ ಬೀಡಿ ಸೇದಿದ ಅಜ್ಜನಿಗೆ ಹೇಳಿದ ಮಾತು, ಒಂದು ಬೀಡಿಯನ್ನೂ ಸೇದದ ಹದಿನೇಳರ ಹುಡುಗನಿಗೆ ಹೇಗೆ ಅನ್ವಯ ಆಗುತ್ತದೆ? ಇದೇ ಬ್ರಿಟನ್ 2025ರ ಜೂನ್ 1ರಿಂದ ಒಮ್ಮೆ ಸೇದಿ ಎಸೆಯುವ ವೇಪುಗಳ ಮಾರಾಟವನ್ನು ನಿಲ್ಲಿಸಿದೆ.

ನೋಂಬು ಹಿಡಿದು ವೇಪ್ ಎಳೆಯಬಹುದಾ ಅಂತ ಕೇಳಿದವರೂ ಇದ್ದಾರೆ. ಬೀಡಿ ಎಳೆದರೆ ನೋಂಬು ಮುರಿಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಒಳಗೆ ಎಳೆಯುವ ಈ ಆವಿಗೆ ಬೇರೆ ಲೆಕ್ಕ ಹುಡುಕಲಿಕ್ಕೆ ಹೋಗಬಾರದು. ಸ್ವಂತ ದೇಹಕ್ಕೆ ಹಾನಿ ಮಾಡಿಕೊಳ್ಳುವುದರ ಬಗ್ಗೆ ದೀನ್ ಏನು ಹೇಳುತ್ತದೆ ಎಂಬುದನ್ನು ಈ ಪುಟದ ಓದುಗರಿಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ.

ಕಾನೂನು ಮತ್ತು ಗಲ್ಫಿನ ಪೆಟ್ಟಿಗೆ

ಕರ್ನಾಟಕ ಸರಕಾರ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದು ಇಡೀ ದೇಶದಲ್ಲಿ ನಿಷೇಧಿಸಿತು, ಅದೇ ವರ್ಷ ಸಂಸತ್ತಿನಲ್ಲಿ ಅದು ಕಾಯ್ದೆ ಆಯಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಇಡೀ ವಸ್ತು ಮಾತ್ರ ಅಲ್ಲ, ಅದರ ಬಿಡಿಭಾಗವೂ ಇದರಲ್ಲಿ ಸೇರುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಗೊತ್ತಿದ್ದೂ ತನ್ನ ಜಾಗದಲ್ಲಿ ದಾಸ್ತಾನು ಇಡಲಿಕ್ಕೆ ಬಿಟ್ಟವನಿಗೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಗ ಮಾರಲಿಕ್ಕೆ ತಂದ ಡಬ್ಬಗಳನ್ನು "ನನಗೇನು ಗೊತ್ತು" ಅಂತ ಅಟ್ಟದಲ್ಲಿ ಇಡಲು ಬಿಟ್ಟ ತಂದೆ ಇದನ್ನು ಗಮನಿಸಬೇಕು.

ನಮ್ಮವರಿಗೆ ಗೊಂದಲ ಆಗುವುದು ಇಲ್ಲೇ. ಯುಎಇಯಲ್ಲಿ 2019ರಿಂದ ಇದರ ಮಾರಾಟಕ್ಕೆ ಅನುಮತಿ ಉಂಟು. ಅಲ್ಲಿ ಅಂಗಡಿಯಲ್ಲಿ ಬಿಲ್ ಸಮೇತ ಕೊಂಡ ವಸ್ತು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ನಿಷೇಧಿತ ಆಮದು. "ಊರಿಗೆ ಬರುವಾಗ ಒಂದು ತಂದುಕೊಡು" ಅಂತ ದೋಸ್ತಿಗಳು ಹೇಳುತ್ತಾರೆ, ಚಾಕಲೇಟಿನ ಜೊತೆ ನಾಲ್ಕು ಡಬ್ಬ ಬರುತ್ತದೆ. ಪರವೂರಿನಲ್ಲಿ ಬೆವರು ಸುರಿಸಿ ದುಡಿಯುವ ಹುಡುಗನ ಪಾಸ್‌ಪೋರ್ಟ್, ವೀಸಾ, ಕೆಲಸ ಎಲ್ಲ ದೋಸ್ತಿಯ ಹೊಗೆಗಾಗಿ ತೊಂದರೆಗೆ ಬೀಳಬಾರದು. ಗಲ್ಫಿನಲ್ಲಿರುವ ಮಕ್ಕಳಿಗೆ ಫೋನ್ ಮಾಡುವಾಗ ಇದನ್ನೂ ಒಂದು ಮಾತು ಹೇಳಿ.

ಮನೆಯಲ್ಲಿ ಸಿಕ್ಕರೆ

ಉಮ್ಮಂದಿರೇ, ಸಿಟ್ಟಿನಲ್ಲಿ ಅದನ್ನು ಬಚ್ಚಲಿನ ಒಲೆಗೆ ಎಸೆಯಬೇಡಿ. ತೆಂಗಿನ ಗೆರಟೆ ಉರಿಯುವ ಆ ಬೆಂಕಿಗೆ ಬ್ಯಾಟರಿ ಬಿದ್ದರೆ ಸಿಡಿದು ಎದುರು ಕೂತವರ ಮುಖಕ್ಕೆ ಹಾರುತ್ತದೆ. ಹಿತ್ತಿಲಲ್ಲಿ ಕಸದ ಜೊತೆ ಸುಡುವುದೂ ಬೇಡ. ನೀರಿಗೆ ಹಾಕಬೇಡಿ, ಕಲ್ಲಿನಿಂದ ಜಜ್ಜಬೇಡಿ. ಹುಡುಗರ ಪ್ಯಾಂಟು ವಾಷಿಂಗ್ ಮೆಷಿನಿಗೆ ಹಾಕುವ ಮೊದಲು ಕಿಸೆ ನೋಡಿ. ದ್ರವದ ಬಾಟಲಿಯನ್ನು ಸಿಂಕಿಗೋ ಬಾವಿಕಟ್ಟೆಯ ಹತ್ತಿರವೋ ಚೆಲ್ಲಬೇಡಿ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ ಇಡಿ. ಬ್ಯಾಟರಿ ಇರುವ ಭಾಗವನ್ನು ಒಣ ಮರಳು ಹಾಕಿದ ತಗಡಿನ ಡಬ್ಬದಲ್ಲಿಟ್ಟು, ಹಳೆ ಮೊಬೈಲ್ ಬ್ಯಾಟರಿ ಕೊಡುವ ಹಾಗೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಪಂಚಾಯತಿನ ಕಸದ ಗಾಡಿಗೆ ಬೇರೆ ಕಸದ ಜೊತೆ ಬೆರೆಸಿ ಹಾಕಿದರೆ ಆ ಗಾಡಿಯ ಕೆಲಸಗಾರರಿಗೆ ಅಪಾಯ.

ದ್ರವ ಕೈಗೆ ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ಬರೀ ನೀರು ಹೊಯ್ದು ಡಾಕ್ಟರಲ್ಲಿಗೆ ಹೋಗಿ. ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲಿಕ್ಕೆ ಹೋಗಬೇಡಿ, ಮನೆಮದ್ದು ಕೊಡಬೇಡಿ, "ಸ್ವಲ್ಪ ನೋಡುವ" ಅಂತ ಕಾಯಬೇಡಿ. ಬೆವರು, ಜೊಲ್ಲು, ವಾಂತಿ, ಮುಖ ಬಿಳಿಚುವುದು ಮೊದಲು ಕಾಣಬಹುದು, ಆಮೇಲೆ ಮಂಪರು, ಫಿಟ್ಸ್, ಉಸಿರಾಟದ ತೊಂದರೆ. ಕೂಡಲೇ ಆಸ್ಪತ್ರೆಗೆ ಓಡಿ, ಬಾಟಲಿಯನ್ನೂ ಜೊತೆಗೆ ಕೊಂಡುಹೋಗಿ. ಮಾನ ಹೋಗುತ್ತದೆ, ಕೇಸಾಗುತ್ತದೆ ಅಂತ ಹೆದರಿ ಡಾಕ್ಟರಿಗೆ "ಏನೋ ತಿಂದಿದೆ" ಅಂತ ಹೇಳಬೇಡಿ. ಏನು ಕುಡಿದದ್ದು ಅಂತ ಗೊತ್ತಿದ್ದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಹುಡುಗನ ಜೊತೆ

ವಸ್ತುವನ್ನು ಮನೆಯಿಂದ ಹೊರಗೆ ಹಾಕುವುದು ಸುಲಭ. ಚಟ ಹುಡುಗನ ಒಳಗೆ ಉಳಿಯುತ್ತದೆ. ಈ ವಿಷಯದಲ್ಲಿ ನಾನು ತಪ್ಪು ಮಾಡಿದ್ದನ್ನೂ ಹೇಳಬೇಕು. ಆ ಶುಕ್ರವಾರ ಎಲ್ಲರ ಎದುರು ನಾನು ಬೈದ ಮೇಲೆ ಅಕ್ಕನ ಮಗ ಮೂರು ದಿನ ನನ್ನ ಫೋನ್ ಎತ್ತಲಿಲ್ಲ. ವೇಪ್ ಅಡುಗೆಮನೆಯಿಂದ ಹೊರಟು ಅವನ ಬೈಕಿನ ಸೀಟಿನ ಅಡಿಗೆ ಹೋಯಿತು, ಅಷ್ಟೇ ನನ್ನ ಬೈಗಳದ ಲಾಭ. ನಾಲ್ಕನೆಯ ದಿನ ಇಶಾ ನಮಾಜಿನ ನಂತರ ಅವನನ್ನು ಮಸೀದಿಯ ಅಂಗಳದಲ್ಲಿ ಕೂರಿಸಿಕೊಂಡು, "ಅದನ್ನು ಹೇಗೆ ಕ್ಲೀನ್ ಮಾಡುವುದು, ನನಗೊಮ್ಮೆ ಹೇಳು" ಅಂತ ಕೇಳಿದೆ. ಆಗ ಬಾಯಿ ಬಿಟ್ಟ. ಒಂದೊಂದು ಭಾಗದ ಹೆಸರು ಹೇಳಿದ. ರೂಮಿನಲ್ಲಿ ಎಂಟು ಜನ, ಡ್ಯೂಟಿ ಮುಗಿಸಿ ಬಂದರೆ ಮಾತಾಡಲಿಕ್ಕೆ ಯಾರೂ ಇಲ್ಲ, ಒಬ್ಬ ಕೊಟ್ಟ, ನಾನು ಎಳೆದೆ ಅಂತ ಹೇಳಿದ. ಈಗ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಬೇಕಾಗುತ್ತದೆ ಅಂತಲೂ ಹೇಳಿದ. ಅದನ್ನು ಹೇಳುವಾಗ ಅವನ ಸ್ವರ ಸಣ್ಣದಾಗಿತ್ತು.

ಬಿಡುವಾಗ ಮೊದಲ ಒಂದು ವಾರ ಕಷ್ಟ. ಸಿಡುಕು, ತಲೆನೋವು, ನಿದ್ದೆ ಬಾರದಿರುವುದು ಸಾಮಾನ್ಯ. ಕೆಲವು ವಾರಗಳಲ್ಲಿ ಕಡಿಮೆಯಾಗುತ್ತಾ ಬರುತ್ತದೆ. ಆ ದಿನಗಳಲ್ಲಿ ಹುಡುಗ ಮನೆಯಲ್ಲಿ ಕಿರುಚಿದರೆ ಸ್ವಲ್ಪ ತಾಳಿಕೊಳ್ಳಿ. ತಂಬಾಕು ಬಿಡಲು ಸಹಾಯ ಮಾಡುವ ಸರಕಾರದ ಉಚಿತ ಸಹಾಯವಾಣಿ 1800-11-2356. ಕನ್ನಡದಲ್ಲೂ ಮಾತಾಡುತ್ತಾರೆ. ಅಗತ್ಯ ಬಿದ್ದರೆ ಡಾಕ್ಟರರು ಔಷಧಿಯೂ ಕೊಡುತ್ತಾರೆ. ಡಾಕ್ಟರಲ್ಲಿಗೆ ಹೋಗುವುದಕ್ಕೆ ನಾಚಿಕೆ ಬೇಡ.

ನಮ್ಮ ಜಮಾಅತಿನವರಿಗೂ ಒಂದು ಮಾತು. ಮಾದಕ ದ್ರವ್ಯದ ವಿರುದ್ಧ ವರ್ಷಕ್ಕೊಂದು ಸಭೆ ಮಾಡುತ್ತೇವೆ, ಬ್ಯಾನರ್ ಕಟ್ಟುತ್ತೇವೆ. ಆ ಸಭೆಯಲ್ಲಿ ಒಮ್ಮೆ ಈ ವಸ್ತುವಿನ ಚಿತ್ರವನ್ನು ತಾಯಂದಿರಿಗೆ ತೋರಿಸುವ ವ್ಯವಸ್ಥೆ ಆಗಲಿ. ಮಹಿಳೆಯರಿಗೆ ಬೇರೆ ಕೂರಿಸಿ ಒಬ್ಬ ಡಾಕ್ಟರ್ ಅರ್ಧ ಗಂಟೆ ಮಾತಾಡಲಿ. ಮದ್ರಸದ ಉಸ್ತಾದರುಗಳಾದ ನಾವೂ ಹಣ್ಣಿನ ಪರಿಮಳ ಬಂದರೆ ಬಬಲ್ ಗಮ್ ಅಂತ ಸುಮ್ಮನಾಗದೆ, ಆ ಹುಡುಗನನ್ನು ತರಗತಿ ಮುಗಿದ ಮೇಲೆ ಒಬ್ಬನನ್ನೇ ಕರೆದು ಕೇಳಬೇಕು.

ಅಕ್ಕನ ಮಗ ಕಳೆದ ವಾರ ದುಬೈಗೆ ವಾಪಸು ಹೋದ. ಹೊರಡುವ ಮೊದಲು ವೇಪನ್ನು ನನ್ನ ಕೈಗೆ ಕೊಟ್ಟ. ಪೂರ್ತಿ ಬಿಟ್ಟಿದ್ದಾನೆ ಅಂತ ಹೇಳಲಿಕ್ಕೆ ನನಗೆ ಧೈರ್ಯ ಇಲ್ಲ. ಅಲ್ಲಿ ಕೆಳಗಿಳಿದರೆ ಅಂಗಡಿ ಉಂಟು. ಆದರೆ ದಿನಾ ರಾತ್ರಿ ಡ್ಯೂಟಿ ಮುಗಿದ ಮೇಲೆ ಅವನಿಂದ ಒಂದು ಫೋನ್ ಬರುತ್ತದೆ, ನಾನು ಎತ್ತುತ್ತೇನೆ. ನಿಮ್ಮ ಮನೆಯ ಹುಡುಗ ರಾತ್ರಿ ಯಾರಿಗೆ ಫೋನ್ ಮಾಡುತ್ತಾನೆ, ಇವತ್ತೇ ಒಮ್ಮೆ ಕೇಳಿ ನೋಡಿ.